ಎಚ್ಚರಿಕೆ ದೀಪಕ್ಕೊಂದು ಬೊಟ್ಟು

ಕೆಲವರಿಗೆ 'ಬೇಡ' ಅನ್ನಲು ಬರುವುದಿಲ್ಲ, ಕೆಲವರಿಗೆ 'ಸಾಕು' ಅನ್ನಲು ಬರುವುದಿಲ್ಲ. ನನಗೆ ಬಾರದ ಮಾತು 'ಗೊತ್ತಿಲ್ಲ'. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ಇದನ್ನು ದಿನಕ್ಕೆ ಹತ್ತು ಸಲವಾದರೂ ಹೇಳಬೇಕಿತ್ತು. ಆದರೆ ಕೊಟ್ಟೂರಿನಲ್ಲಿ, ಸುಟ್ಟುಹೋದ ಪಂಪಿನ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟುಕೊಂಡು ಹಾಗಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಅದಕ್ಕೇ ಯಾರು ಏನು ತಂದರೂ "ಬಿಟ್ಟು ಹೋಗ್ರಿ, ನೋಡೋಣು" ಅನ್ನುವುದು ರೂಢಿಯಾಯಿತು. ಒಮ್ಮೆ ಅಜ್ಜನೊಬ್ಬ ಕಿವಿಗೆ ಹಾಕುವ ಯಂತ್ರ ತಂದಿದ್ದ. ಅದನ್ನೂ ಬಿಟ್ಟು ಹೋಗಲು ಹೇಳಿದೆ. ವಾರದ ಮೇಲೆ ಬಂದಾಗ "ಆಗಲಿಲ್ಲಜ್ಜಾ" ಎಂದೆ. ಯಂತ್ರ ಕೆಟ್ಟಿದ್ದರಿಂದ ಅವನಿಗೆ ಕೇಳಿಸಲಿಲ್ಲ. ಚೆನ್ನಾಗಿ ಹರಸಿ ತೆಗೆದುಕೊಂಡು ಹೋದ. ಇಂಥವನ್ನೆಲ್ಲ ನಗುತ್ತ ಹೇಳಬಲ್ಲೆ. ಅಕ್ಕನ ಕಾರಿನ ಸಂಗತಿ ಹಾಗಲ್ಲ.

ನನ್ನ ಅಕ್ಕ ಗಿರಿಜಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಇರುವವಳು. ಕುಬಸದ ಕಣ, ಲಂಗದ ಬಟ್ಟೆ ಹೇರಿಕೊಂಡು ಸಂತೆ ಸಂತೆ ತಿರುಗಿ ಮಾರುತ್ತಾಳೆ. ಹೊಸಪೇಟೆ ಕಡೆ ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಹೊಸ ದುಡ್ಡಿನವರು ಹೊಸ ಕಾರು ಕೊಂಡು ಹಳೆಯದನ್ನು ಸಿಕ್ಕ ಬೆಲೆಗೆ ಬಿಡುತ್ತಿದ್ದರು. ಹಾಗೆ ಅಕ್ಕನ ಮನೆ ಮುಂದೆ ಒಂದು ಉದ್ದನೆಯ ವಿದೇಶಿ ಕಾರು ಬಂದು ನಿಂತಿತು. ಓಡಿಸುವುದನ್ನೂ ಕಲಿತಳು. ಹಿಂದಿನ ಸೀಟಿನಲ್ಲಿ ಬಟ್ಟೆಯ ಗಂಟು, ಮುಂದೆ ಸೆರಗು ಸಿಕ್ಕಿಸಿಕೊಂಡ ಅಕ್ಕ. ನೋಡಿದವರು ರಸ್ತೆ ಬಿಟ್ಟು ಇಳಿದು ನಿಲ್ಲುತ್ತಿದ್ದರು, ಗೌರವಕ್ಕೋ ಭಯಕ್ಕೋ.

ಒಂದು ದಿನ ಅಂಗಡಿಗೆ ಬಂದು, "ಕೊಟ್ರೇಶಿ, ಇಲ್ನೋಡು, ಸ್ಟೇರಿಂಗ್ ಹಿಂದ ಹಳದಿ ದೀಪ ಹತ್ತೇತಿ. ಏನದು?" ಎಂದಳು. ಬಲ್ಬಿನ ಚಿಕ್ಕ ಚಿತ್ರ, ಪಕ್ಕದಲ್ಲೊಂದು ಗೀಟು, ಗೀಟಿನ ಕೆಳಗೆ ಚುಕ್ಕಿ. ಕಾರಿನ ಜೊತೆ ಬಂದಿದ್ದ ದಪ್ಪ ಪುಸ್ತಕ ತೆಗೆದೆ. ಚಿತ್ರ ಸಿಕ್ಕಿತು. ಅದರ ಪಕ್ಕ ನಾಲ್ಕು ಸಾಲು ಇಂಗ್ಲಿಷು. ಅಷ್ಟೂ ಸಾಲಿನ ಮೇಲೆ ಬೆರಳಾಡಿಸಿದೆ, ಎರಡು ಸಲ "ಹ್ಞೂಂ" ಅಂದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಪುಸ್ತಕ ಮುಚ್ಚಿ, "ಬಲ್ಬು ಎಲ್ಲಾ ಸರಿ ಅದಾವ ಅಂತ ತೋರಸ್ತೈತಿ, ಒಳ್ಳೇದ ಅದು" ಎಂದೆ.

"ಮತ್ತ ನಿನ್ನಿ ತನಕ ಇರಲಿಲ್ಲಲ್ಲೋ?"

"ಈಗ ಗಾಡಿ ನಿನಗ ಹೊಂದಿಕೊಂಡೈತಿ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. "ಕಣ್ಣಿಗೆ ಕುಕ್ಕತೈತಿ ಮಾರಾಯ" ಎಂದು ಅಕ್ಕ ಅಂದಾಗ ಅವಳ ಚೀಲದಲ್ಲಿದ್ದ ಸ್ಟಿಕ್ಕರ್ ಬೊಟ್ಟಿನ ಹಾಳೆಯಿಂದ ದೊಡ್ಡದೊಂದು ಮೆರೂನ್ ಬೊಟ್ಟು ಕಿತ್ತು ಆ ದೀಪದ ಮೇಲೆ ಅಂಟಿಸಿದೆ. "ಮುತ್ತೈದಿ ಆತು ನೋಡು ನಿನ್ನ ಗಾಡಿ" ಎಂದು ನಗಿಸಿದೆ ಕೂಡ. ಹೊಸಪೇಟೆಗೆ ಒಯ್ದು ತೋರಿಸೋಣ ಎಂದ ಭಾವನಿಗೆ ಅಕ್ಕ, "ನಮ್ಮ ಕೊಟ್ರೇಶಿ ಪುಸ್ತಕ ಓದಿ ನೋಡ್ಯಾನ" ಎಂದು ಬಾಯಿ ಮುಚ್ಚಿಸಿದಳಂತೆ.

ಬ್ರೇಕಿನ ದೀಪದ ವಿಚಿತ್ರವೆಂದರೆ, ಒತ್ತುವವರಿಗೆ ಅದು ಎಂದೂ ಕಾಣುವುದಿಲ್ಲ. ಹಿಂದೆ ಬರುವವರಿಗೇ ಕಾಣಬೇಕು. ಒಂದೂವರೆ ತಿಂಗಳ ಮೇಲೆ ಅಕ್ಕ ಕೊಟ್ಟೂರು ಸಂತೆ ಮುಗಿಸಿ ಹೊರಟಿದ್ದಳು. ಕೋಗಳಿ ಹತ್ತಿರ ಕುರಿ ಅಡ್ಡ ಬಂದವು, ಬ್ರೇಕು ಹಾಕಿದಳು. ಹಿಂದೆ ಮೊಪೆಡ್ಡಿನಲ್ಲಿ ಬರುತ್ತಿದ್ದ ಹಾಲಪ್ಪ ಎಂಬ ಸೊಪ್ಪು ಮಾರುವವನು ಬಂದು ಗುದ್ದಿ ಬಿದ್ದ. ಫೋನು ಬಂದು ನಾನು ಬೈಕು ಹತ್ತಿ ಮುಟ್ಟುವಷ್ಟರಲ್ಲಿ ಜನ ಸೇರಿದ್ದರು. ಮೊಳಕಾಲಿಗೆ ಟವೆಲ್ಲು ಕಟ್ಟಿಕೊಂಡು ಹಾಲಪ್ಪ ಕೂಗುತ್ತಿದ್ದ: "ನಿಂತ್ರ ಹಿಂದ ಲೈಟ್ ಹತ್ತಬೇಕಲ್ರಿ! ಹತ್ತಲಿಲ್ಲ!"

"ಹತ್ಯಾವು! ನೀನು ಕುರಿ ನೋಡ್ಕೊಂತ ಬಂದೀದಿ" ಎಂದು ಅಕ್ಕ. ನನ್ನನ್ನು ಕಂಡಿದ್ದೇ, "ಬಂದ ನೋಡ್ರಿ ನಮ್ಮ ತಮ್ಮ, ಅವನ್ನ ಕೇಳ್ರಿ" ಎಂದು ಕಾರೊಳಗೆ ಕೂತು ಬ್ರೇಕು ಒತ್ತಿ ಹಿಡಿದಳು. ನಾನು ಹಿಂದೆ ನಿಂತೆ. ಎಡಗಡೆಯದೂ ಇಲ್ಲ, ಬಲಗಡೆಯದೂ ಇಲ್ಲ. ನಾನು ಬೊಟ್ಟು ಹಚ್ಚಿದ ದಿನ ಒಂದು ಹೋಗಿತ್ತು, ಹಳದಿ ದೀಪ ಹೇಳಿದ್ದು ಅದನ್ನೇ. ಆಮೇಲೆ ಇನ್ನೊಂದು ಹೋದದ್ದನ್ನು ಯಾರಿಗೂ ಹೇಳಲಾಗದೆ ಕಾರು ಬೊಟ್ಟಿನ ಹಿಂದೆ ಬಾಯಿ ಕಟ್ಟಿಕೊಂಡು ಕೂತಿತ್ತು.

"ಹತ್ಯಾವೇನೋ?" ಒಳಗಿನಿಂದ ಅಕ್ಕನ ದನಿ.

"ಇವ ಗುದ್ದಿದ್ದಕ್ಕ ಬಲ್ಬು ಹೋಗ್ಯಾವಕ್ಕ" ಎಂದೆ. ಎಷ್ಟು ಸಲೀಸಾಗಿ ಬಂತೋ ಆ ಮಾತು. ಹಾಲಪ್ಪ ಕೂಗುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ. ಅಕ್ಕ ಅದೇ ಕಾರಿನಲ್ಲಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು, ತಪ್ಪು ಮಾಡಿದವನನ್ನು ಕ್ಷಮಿಸಿದ ದೊಡ್ಡ ಮನಸ್ಸಿನಿಂದ.

ಮರುದಿನ ಕಾರು ನನ್ನ ಅಂಗಡಿಗೆ ಬಂತು. ಬಲ್ಬು ಬಿಚ್ಚಿ ಬೆಳಕಿಗೆ ಹಿಡಿದೆ. ಗುದ್ದಿದ ಪೆಟ್ಟಿಗೆ ಹರಿದ ತಂತಿಯಾದರೆ ಗಾಜು ತಿಳಿಯಾಗಿರುತ್ತದೆ. ಇವೆರಡೂ ಒಳಗೆಲ್ಲ ಕಪ್ಪಿಟ್ಟಿದ್ದವು, ಸವೆದು ಸುಟ್ಟಿದ್ದವು. ಕಾರಿನ ಪುಸ್ತಕ ಬರದಿದ್ದರೂ ಇದನ್ನು ಓದಲು ನನಗೆ ಬರುತ್ತದೆ. ಹೊಸ ಬಲ್ಬು ಹಾಕಿದೆ. ಹಿಂದೆ ನಿಂತು ನೋಡಲು ಯಾರನ್ನೂ ಕರೆಯಲಿಲ್ಲ, ಸಾಕ್ಷಿ ಬೇಡವಾಗಿತ್ತು. ಬ್ರೇಕಿನ ಮೇಲೆ ಕೋಲು ಒತ್ತಿ ನಿಲ್ಲಿಸಿ ನಾನೇ ಹೋಗಿ ನೋಡಿದೆ, ಎರಡೂ ಕೆಂಪಗೆ ಹತ್ತಿದವು. ಉಗುರಿನಿಂದ ಬೊಟ್ಟು ಕಿತ್ತೆ. ಹಳದಿ ದೀಪ ಆರಿತ್ತು. ಅಂಟಿನ ಗುಂಡನೆಯ ಗುರುತು ಮಾತ್ರ ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಹೋಗಲಿಲ್ಲ.

ಅಷ್ಟಕ್ಕೆ ಮುಗಿಯುತ್ತಿತ್ತೇನೋ, ಹಾಲಪ್ಪ ಒಳ್ಳೆಯವನಲ್ಲದಿದ್ದರೆ. ಅವನು ಸಂತೆ ಸಂತೆಗೂ ಕುಂಟುತ್ತ ಅಕ್ಕನ ಅಂಗಡಿ ಮುಂದೆ ಬಂದು, "ತಪ್ಪಾತ್ರಿ ಅಕ್ಕಾರ, ಸುಮ್ಮನ ನಿಮಗ ಅಂದೆ" ಎಂದು ಎರಡು ಸಿವುಡು ಹಕ್ಕರಕಿ ಸೊಪ್ಪು ಇಟ್ಟು ಹೋಗತೊಡಗಿದ. ಅದರಲ್ಲಿ ಒಂದನ್ನು ಅಕ್ಕ ನನಗೆ ಕಳಿಸುತ್ತಿದ್ದಳು. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಎಳೆ ಸೊಪ್ಪು. ಮೂರು ವಾರ ತಿಂದೆ. ನಾಲ್ಕನೆಯ ಸಿವುಡನ್ನು ಬಿಚ್ಚಲಿಲ್ಲ. ಅದನ್ನೇ ಕೈಯಲ್ಲಿ ಹಿಡಿದು ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ.

ಅಕ್ಕ ನನ್ನ ಕೈಯಿಂದ ಸಿವುಡು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ, "ನಿನಗ ಓದಾಕ ಬರಲ್ಲ ಅಂತ ನನಗ ಗೊತ್ತಿತ್ತಲೋ. 'ಬರಲ್ಲ' ಅನ್ನಾಕ ಬರಲ್ಲ ಅಂತ ಗೊತ್ತಿರಲಿಲ್ಲ" ಎಂದಳು. ಎದ್ದು ಹೋಗಿ ಕಾರಿನಿಂದ ಪುಸ್ತಕ ತಂದಳು. ಅವಳು ಪಿಯುಸಿ ಮುಗಿಸಿದವಳು. ಒಂದು ಹಾಳೆ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು, ಹುಬ್ಬು ಗಂಟಿಕ್ಕಿದಳು. "ಲೇ, ಇದು ಇಂಗ್ಲೀಷ ಅಲ್ಲಲೋ! ಅಕ್ಷರ ಅಷ್ಟ ಅದರವು, ಮಾತು ಯಾವ ದೇಶದ್ದೋ ಏನೋ!" ಆ ಪುಸ್ತಕ ಓದಬಲ್ಲವರು ನಮ್ಮ ಸುತ್ತಿನ ಐದು ಊರಲ್ಲೂ ಇದ್ದಿರಲಾರರು. ಯಾರಿಗೂ ಬಾರದ್ದು ನನಗೂ ಬಾರದು ಎಂದು ಒಪ್ಪಲು ನಾಚಿ ನಾನು ಒಬ್ಬನ ಮೊಳಕಾಲು ಒಡೆದಿದ್ದೆ.

"ಹೋಗು, ಹಾಲಪ್ಪಗ ನೀನ ಹೇಳು" ಎಂದಳು ಅಕ್ಕ.

ಮರುದಿನ ಅವನ ಊರು ಕೋಗಳಿಗೆ ಹೋಗಿ ಹೇಳಿದೆ. ಹಾಲಪ್ಪ ಕೇಳಿ ಮುಗಿಸಿ, ಸೊಪ್ಪಿನ ಬುಟ್ಟಿಗೆ ನೀರು ಚಿಮುಕಿಸುತ್ತ ಮೆಲ್ಲಗೆ ಅಂದ: "ನನ್ನ ಗಾಡಿ ಬ್ರೇಕ್ ವಯರು ಹರಿದು ಎಂಟು ದಿನ ಆಗಿತ್ರಿ ಅವಾಗ. ಯಾರಿಗೂ ಹೇಳಬ್ಯಾಡ್ರಿ ಮತ್ತ."

ನಾನು ಕೊಟ್ಟೂರಿನ ಕಡೆ ತಿರುಗಬೇಕಿತ್ತು. ಬೈಕು ಹಗರಿಬೊಮ್ಮನಹಳ್ಳಿಯ ಕಡೆ ತಿರುಗಿತು. ನನ್ನ ತಪ್ಪು ಅಕ್ಕನನ್ನು ಮುಟ್ಟಲು ಎರಡು ತಿಂಗಳ ಮೇಲೆ ಬೇಕಾಗಿತ್ತು. ಹಾಲಪ್ಪನ ತಪ್ಪನ್ನು ಚಪ್ಪಲಿ ಬಿಡುವ ಮೊದಲೇ ಹೇಳಿ ಮುಗಿಸಿದೆ.

ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿ, "ಹೇಳಬ್ಯಾಡ್ರಿ ಅಂದಾನಲ್ಲ. ಮತ್ತ ನನಗ ಯಾಕ ಹೇಳಿದಿ?" ಎಂದಳು.

ಆಗ ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿಂದ ಆ ಮಾತು ಬಂತು: "ಗೊತ್ತಿಲ್ಲಕ್ಕ."

ಅದೂ ಸುಳ್ಳೇ. ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು.