ಒಂದಾಣೆ ಹೆಜ್ಜೆ

ನಮ್ಮ ಸೋದರಮಾವ ತಮ್ಮ ಇಡೀ ಆಯುಷ್ಯದಲ್ಲಿ ಇಟ್ಟದ್ದು ಒಂದೇ ಒಂದು ಹೆಜ್ಜೆ. ಉಳಿದವೆಲ್ಲ ಅದರ ನಕಲು!

ನಂಬಿಕೆ ಬರಲಿಲ್ಲವೇ? ಹಳಿಯಾಳದಲ್ಲಿ ಆಗ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಮಾವ ಮೂವತ್ತು ವರ್ಷ ಹೊಲ ಅಳೆದು ನಿವೃತ್ತರಾದ ಸರ್ವೇಯರ್. ಆ ಕಾಲದ ಅಳತೆಯ ಸರಪಳಿಗೆ ಮೂವತ್ತಮೂರು ಅಡಿ ಉದ್ದ, ಅದರಲ್ಲಿ ಹದಿನಾರು ಆಣೆ. ರೊಕ್ಕದ ಆಣೆಯಲ್ಲ, ಉದ್ದದ ಆಣೆ. ಒಂದೊಂದೂ ಎರಡು ಅಡಿ, ಮೇಲೊಂದು ಬೆರಳು. ಸರಪಳಿಯ ಪಕ್ಕದಲ್ಲೇ ನಡೆದು ನಡೆದು ಮಾವ ತಮ್ಮ ಹೆಜ್ಜೆಯನ್ನು ಸರಿಯಾಗಿ ಒಂದಾಣೆಗೆ ಪಳಗಿಸಿದ್ದರು. ಸಂತೆಗೆ ಹೋದರೂ ಒಂದಾಣೆ, ಸ್ಮಶಾನಕ್ಕೆ ಹೋದರೂ ಒಂದಾಣೆ. ದಾಂಡೇಲಿಯಲ್ಲಿ ಬಸ್ಸು ಗುರುಗುಟ್ಟುತ್ತ ನಿಂತು, ಕಂಡಕ್ಟರ್ "ಲಗೂನ ಬರ್ರಿ ಯಜಮಾನ್ರ!" ಎಂದು ಅರಚಿದರೆ, "ಓಡಿದ್ರ ಆಣೆ ಕೆಡ್ತೈತೋ ತಮ್ಮಾ" ಎನ್ನುತ್ತ ಅದೇ ಹೆಜ್ಜೆಯಲ್ಲಿ ಬರುವರು. ಬಸ್ಸು ಹೋಗಿರುತ್ತಿತ್ತು. ಎಷ್ಟು ಸರಪಳಿಯಲ್ಲಿ ತಪ್ಪಿತು ಎಂಬುದು ಮಾತ್ರ ಅವರಿಗೆ ಪಕ್ಕಾ ಗೊತ್ತಿರುತ್ತಿತ್ತು!

ಕುಂಬಾರವಾಡದ ಕಾಡಂಚಿನಲ್ಲಿ ಗದ್ದೆ ಅಳೆಯುವಾಗ ಕರಡಿ ಎದುರಾಯಿತಂತೆ. ಆಳುಗಳೆಲ್ಲ ದಿಕ್ಕಾಪಾಲು. ಮಾವ ಮಾತ್ರ ಎಣಿಸುತ್ತ ನಡೆದರಂತೆ. ಕರಡಿಗೇ ನಾಚಿಕೆಯಾಗಿ ಪೊದೆಗೆ ಸರಿಯಿತಂತೆ. ಇದು ಮಾವನ ಕಥೆ. ಅವರ ಹಳೆಯ ಜವಾನ ಹೇಳುವ ಪ್ರಕಾರ ಸಾಹೇಬರು ಮತ್ತಿ ಮರದ ಮೇಲಿದ್ದರು. ನನಗೆ ಎರಡೂ ನಿಜವೆನಿಸುತ್ತದೆ. ಮರ ಹತ್ತುವುದನ್ನು ಹೆಜ್ಜೆಯಲ್ಲಿ ಎಣಿಸಲು ಬರುವುದಿಲ್ಲವಲ್ಲ, ಹಾಗಾಗಿ ಮಾವ ಅದನ್ನು ದಾಖಲೆಗೆ ತಗೊಂಡಿರಲಿಕ್ಕಿಲ್ಲ!

ಮಗಳನ್ನು ನೋಡಲು ಮುಂಡಗೋಡದಿಂದ ಬೀಗರಾಗುವವರು ಬಂದಾಗಲೂ ಅದೇ ಕಥೆ. ಹುಡುಗನ ತಾಯಿ ಮೆಲ್ಲಗೆ ಕೇಳಿದರು, "ಹುಡುಗಿ ಎತ್ತರ ಎಷ್ಟ್ರಿ?"

"ಎರಡೂವರಿ ಆಣೆ."

"ಹಂಗಂದ್ರ? ನಮ್ಮ ಹುಡುಗನ ಹೆಗಲಿಗೆ ಬರ್ತಾಳೇನ್ರಿ, ಕಿವಿಗೆ ಬರ್ತಾಳೇನ್ರಿ?"

ಮಾವ ಹುಡುಗನತ್ತ ತಿರುಗಿದರು. "ಎದ್ದು ನಿಂದ್ರಪಾ. ಹೂಂ, ಎರಡೂಮುಕ್ಕಾಲು. ಕಿವಿಗೆ ಬರ್ತಾಳ್ರಿ."

ಒಳಗಿನಿಂದ ಅತ್ತೆ, "ಪುಣ್ಯಾ, ಅಳದ ಮ್ಯಾಲ ಹುಡುಗನ ತಲೀಮ್ಯಾಲ ಗಡಿಕಲ್ಲು ನೆಡಲಿಲ್ಲ!" ಎಂದರು. ಮದುವೆಯಾಯಿತು. ಹುಡುಗಿ ಇವತ್ತಿಗೂ ಕಿವಿಗೇ ಬರುತ್ತಾಳೆ.

ಇಂಥವರ ಬದುಕಿನೊಳಗೆ ಅರವತ್ತರ ದಶಕದಲ್ಲಿ ಮೀಟರು ಕಾಲಿಟ್ಟಿತು. ನಾನಾಗ ಶಾಲೆಯಲ್ಲಿ ಲೆಕ್ಕದ ಮಾಸ್ತರ. ಹೊಸದಾಗಿ ಬಂದ ತರುಣ ಸರ್ವೇಯರ್ ನಮ್ಮ ಓಣಿಯಲ್ಲೇ ಬಾಡಿಗೆಗಿದ್ದ. ಒಂದು ಸಂಜೆ ಚಹಾ ಕುಡಿಯುತ್ತ, "ಹಳೇ ನಕಾಶೆಯೊಳಗ ಎಲ್ಲಾ ಸರಪಳಿ ಲೆಕ್ಕ ಐತ್ರಿ ಸರ್. ಒಂದು ಸರಪಳಿಗೆ ಎಷ್ಟು ಮೀಟರ ಹಿಡೀಲಿ?" ಎಂದ. ನಾನು ಬಿಸ್ಕೀಟು ಅದ್ದುವುದನ್ನು ನಿಲ್ಲಿಸದೆ, "ಹತ್ತು ಹಿಡೀರಿ" ಎಂದೆ.

ವಾರ ಕಳೆಯಿತೋ, ತಿಂಗಳಾಯಿತೋ. ಪಕ್ಕದ ಹಳ್ಳಿಯ ಗಂಗವ್ವ ಮಾವನ ಮನೆಗೆ ಬಂದಾಗ ನಾನೂ ಅಲ್ಲೇ ಕೂತಿದ್ದೆ. ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಮಾಡಿಕೊಂಡು, ಎರಡು ಬೇಸಿಗೆ ತಾನೇ ಮಣ್ಣು ಹೊತ್ತು ಹೊಲದ ಪಡುವಣ ತುದಿಗೆ ಬಾವಿ ತೆಗೆಸಿದವಳು. ಆ ತರುಣ ಸರಪಳಿಗೆ ಹತ್ತು ಮೀಟರಿನಂತೆ ಮೂಡಣ ಗಡಿಕಲ್ಲಿನಿಂದ ಅಳೆದುಕೊಂಡು ಬಂದು, ಬಾವಿಯ ನಟ್ಟನಡುವೆ ಗಡಿಯ ಗೆರೆ ತೋರಿಸಿ ಹೋಗಿದ್ದ!

"ಅರ್ಧಾ ಬಾವಿ ಬಾಜೂ ಹೊಲದ ಫಕ್ಕೀರಪ್ಪಂದು ಅಂತರೀ ಸಾಹೇಬ್ರ. ಅಂವಾ ತನ್ನ ಅರ್ಧಾ ಮುಚ್ಚತೇನಿ ಅಂತಾನ. ಅರ್ಧಾ ಮುಚ್ಚಿದ್ರ ನಂದರ ಉಳೀತೈತೇನ್ರಿ?"

ಮಾವ ಕೇಳಿದರು, "ಸರಪಳಿಗೆ ಹತ್ತು ಮೀಟರ ಅಂತ ಯಾವ ಶಾಣ್ಯಾ ಹೇಳಿದ?"

ನಾನು ಸೂರು ನೋಡಿದೆ.

"ಸರಪಳಿ ಅಂದ್ರ ಹತ್ತು ಮೀಟರ, ಮ್ಯಾಲ ಮೂರು ಬೆರಳು. ಆ ಮೂರು ಬೆರಳು ಎಲ್ಲಿ ಹೋದ್ವೋ ಮಾಸ್ತರಾ?"

"ಬಿಟ್ಟೆ, ಮಾವಾ. ಮೂರ ಬೆರಳಲ್ಲೇನ್ರಿ..."

"ಈಕಿ ಹೊಲ ಇಪ್ಪತ್ತನಾಕು ಸರಪಳಿ ಐತಿ. ಎಪ್ಪತ್ತೆರಡು ಬೆರಳು ಕಳದೀ! ರಾವಣಗಾಗಿದ್ರ ಇನ್ನೂ ಇಪ್ಪತ್ತೆಂಟರ ಉಳೀತಿದ್ವು. ನಿನಗ?"

ಇಪ್ಪತ್ತನಾಲ್ಕು ಎಂದು ಬರೆದಿದ್ದೇನೆ. ಇಪ್ಪತ್ತಾರು ಇದ್ದರೂ ಇರಬಹುದು. ರಾವಣನ ಲೆಕ್ಕ ಚೆಂದ ಕೂಡಲೆಂದು ನನ್ನ ನೆನಪೇ ಎರಡು ಸರಪಳಿ ಕತ್ತರಿಸಿರಬಹುದು. ನನ್ನ ಲೆಕ್ಕವನ್ನು ನಂಬಿ ಒಬ್ಬಾಕೆ ಬಾವಿ ಕಳೆದುಕೊಳ್ಳಲಿದ್ದಳು, ಓದುಗರೂ ಎಚ್ಚರದಿಂದಿರುವುದು ಒಳ್ಳೆಯದು.

ಮರುದಿನ ಬೆಳಿಗ್ಗೆ ಹೊಲದಲ್ಲಿ ಅರ್ಧ ಊರು ಸೇರಿತ್ತು. ತರುಣ ಸರ್ವೇಯರ್ ತನ್ನ ಟೇಪನ್ನೂ ಕಚೇರಿಯ ಹಳೆಯ ಸರಪಳಿಯನ್ನೂ ಹಿಡಿದು ನಿಂತಿದ್ದ. ನಾನು ತಪ್ಪು ಒಪ್ಪಿಕೊಂಡೆ. ಫಕ್ಕೀರಪ್ಪ ನಕ್ಕ. "ಮಾಸ್ತರು ಇವತ್ತೊಂದು ಹೇಳ್ತಾರ, ನಾಳೆ ಒಂದು ಹೇಳ್ತಾರ. ಟೇಪೂ ಬ್ಯಾಡ, ಸರಪಳೀನೂ ಬ್ಯಾಡ. ಸಾಹೇಬ್ರು ನಡೀಲಿ. ಅವರ ಹೆಜ್ಜಿ ಎಲ್ಲಿ ನಿಂತೀತು, ಅಲ್ಲೇ ಕಲ್ಲು. ನಾ ಒಪ್ಪೇನಿ!"

ಜನ ಹೋ ಎಂದರು. ಗಂಗವ್ವ ಸೆರಗು ಬಿಗಿದುಕೊಂಡು, "ನಂದೂ ಒಪ್ಪಿಗಿ ಐತಿ" ಎಂದಳು. ಇಪ್ಪತ್ತನಾಲ್ಕು ಸರಪಳಿಗೆ ಮುನ್ನೂರ ಎಂಬತ್ತನಾಲ್ಕು ಹೆಜ್ಜೆ. ಮಾವ ಪೇಟ ಸರಿಪಡಿಸಿಕೊಂಡು ಮೂಡಣ ಕಲ್ಲಿನಿಂದ ಹೊರಟರು. ಇಡೀ ಹೊಲ ಅವರ ಹಿಂದೆ ನಡೆಯಿತು.

ಮುನ್ನೂರ ಎಂಬತ್ತನಾಲ್ಕನೆಯ ಹೆಜ್ಜೆಗೆ ಮಾವ ನಿಂತರು. ಬಾವಿ ಇನ್ನೂ ಮುಂದಿತ್ತು. ಅರ್ಧವಲ್ಲ, ಇಡಿಯ ಬಾವಿ!

ಫಕ್ಕೀರಪ್ಪ ಶಿಳ್ಳೆ ಹೊಡೆದ. ಗಂಗವ್ವ ಅಲ್ಲೇ ಬದುವಿನ ಮೇಲೆ ಕುಸಿದಳು. ಎಣಿಕೆ ತಪ್ಪಿತು ಎಂದಿದ್ದರೆ ಊರು ನಂಬುತ್ತಿತ್ತು, ಮಾವನ ಹೆಸರೂ ಉಳಿಯುತ್ತಿತ್ತು. ಮಾವ ಬಗ್ಗಿ ತಮ್ಮ ಎರಡೂ ಪಾದಗಳನ್ನು ಯಾರೋ ಅಪರಿಚಿತರನ್ನು ನೋಡುವಂತೆ ನೋಡಿದರು.

"ಸರಪಳಿ ಹಾಸ್ರಿ" ಎಂದರು.

"ಮಾತು ಆಗೇತಲ್ರಿ ಸಾಹೇಬ್ರ, ಹೆಜ್ಜಿ ಅಂದ್ರ ಹೆಜ್ಜಿ!" ಎಂದ ಫಕ್ಕೀರಪ್ಪ.

"ಅದಕ್ಕ, ಆ ಹೆಜ್ಜಿನ್ನ ಮೊದಲ ಅಳೀರಿ."

ಕಬ್ಬಿಣದ ಸರಪಳಿ ನೆಲದ ಮೇಲೆ ಉದ್ದಕ್ಕೆ ಮಲಗಿತು. ಅದರ ಪಕ್ಕದಲ್ಲಿ ಎಲ್ಲರೆದುರು ಮಾವ ಹದಿನಾರು ಹೆಜ್ಜೆ ನಡೆದರು. ಹದಿನಾರನೆಯದು ಸರಪಳಿಯ ತುದಿ ಮುಟ್ಟಲಿಲ್ಲ. ಹತ್ತಿರ ಹತ್ತಿರ ಒಂದು ಗೇಣು ಕಡಿಮೆ.

"ನೋಡಿದ್ರೆಲಾ? ಎಣಿಕಿ ಸರಿ ಐತಿ. ಹೆಜ್ಜಿ ಸಣ್ಣದಾಗೇತಿ. ಇನ್ನ ಮ್ಯಾಲ ನನ್ನ ಹೆಜ್ಜಿ ಯಾರೂ ನಂಬಬ್ಯಾಡ್ರಿ."

ಫಕ್ಕೀರಪ್ಪನೇ ಬಗ್ಗಿ ಸರಪಳಿಯ ಒಂದು ತುದಿ ಹಿಡಿದ. ಮೂಡಣ ಕಲ್ಲಿನಿಂದ ಮತ್ತೆ ಅಳೆದರು. ಇಪ್ಪತ್ತನಾಲ್ಕು ಸರಪಳಿ ಬಾವಿಯನ್ನು ಪೂರ್ತಿ ದಾಟಿ, ಇನ್ನೂ ಒಬ್ಬರು ಕೊಡ ಇಟ್ಟು ನಿಲ್ಲುವಷ್ಟು ಜಾಗ ಬಿಟ್ಟು ಮುಗಿಯಿತು. ಗಂಗವ್ವ ನೀರು ಸೇದಿ, ಮೊದಲ ತಂಬಿಗೆಯನ್ನು ಮಾವನ ಕಾಲಿಗೆ ಸುರಿದಳು.

ಮನೆಗೆ ಬಂದು ನಾನು ಅತ್ತೆಗೆ ಎಲ್ಲ ಒದರಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲೂ ಇಲ್ಲ.

"ನನಗ ಗೊತ್ತಿತ್ತು. ಎರಡು ವರ್ಷಾತು, ಹೆಜ್ಜಿ ಸಣ್ಣದಾಗಾಕ ಹತ್ತಿ."

"ಮತ್ತ ಹೇಳಬಾರದಾಗಿತ್ತೇನ ಅತ್ತೀ?"

ಅತ್ತೆ ಹೊರಗಿನ ಕಟ್ಟೆಯಲ್ಲಿ ಕಾಲು ಚಾಚಿ ಕೂತ ಮಾವನ ಕಡೆ ನೋಡಿ ದನಿ ತಗ್ಗಿಸಿದರು.

"ಯಾಕ ಹೇಳ್ಲೋ? ಮದವಿ ಆದಾಗಿಂದ ಅವರ ಹಿಂದ ಓಡಿ ಓಡಿ ಸಾಕಾಗಿತ್ತು. ಈಗೀಗ ಜೋಡೀಲೆ ನಡೀಲಿಕ್ಕೆ ಬರತೈತಿ."