ಪರದೆಯ ಕೆಳಗಿನ ಸಮಾಜ

ತೆಲಿಗಿಯ ನಮ್ಮ ಮನೆಯಲ್ಲಿ ಚಹಾ ಕೊಡಲು ಮೂರು ಬಗೆಯ ಪಾತ್ರೆಗಳಿದ್ದವು: ಪಿಂಗಾಣಿಯ ಕಪ್ಪು-ಬಸಿ ಒಂದೇ ಜೋಡಿ, ಸ್ಟೀಲಿನ ಲೋಟ, ಸೊಟ್ಟಗಾದ ಅಲ್ಯುಮಿನಿಯಂ ಲೋಟ. ಸಮಾಜದಲ್ಲೂ ಮೇಲ್ವರ್ಗ, ಮಧ್ಯಮವರ್ಗ, ಕೆಳವರ್ಗ ಎಂದು ಮೂರಿವೆಯಂತೆ. ಹರಪನಹಳ್ಳಿ ಕಾಲೇಜಿಗೆ ಹೋಗುವ ಅಣ್ಣ ಗೌಸ್ ಪೀರ್ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದುದರಿಂದ, ಎಂಟನೆಯ ತರಗತಿಗೆ ಶಾಲೆ ಬಿಟ್ಟ ನನಗೂ ಇದು ತಿಳಿದಿತ್ತು. (ಪಾತ್ರೆಗಳ ಲೆಕ್ಕಕ್ಕೆ ಸರಿಹೋಯಿತು.)

ಅಕ್ಕ ಮುಮ್ತಾಜಳನ್ನು ನೋಡಲು ಕೊಟ್ಟೂರಿನಿಂದ ಮೂವರು ಬಂದರು. ಹಿಂದಿನ ಸಂಬಂಧ ಮರ್ಯಾದೆ ಸಾಲಲಿಲ್ಲವೆಂದು ಮುರಿದಿತ್ತು.

"ಮಂದಿ ನೋಡಿ ಚಹಾ ಕೊಡು. ಈ ಸಲ ತಪ್ಪಿದ್ರ ನಿಮ್ಮಕ್ಕ ಮನ್ಯಾಗ ಉಳಿತಾಳ," ಎಂದಳು ಅವ್ವ.

ಮಂದಿಯ ಮುಖ ನೋಡಲು ನನಗೆ ನಾಚಿಕೆ. ಆದರೆ ಅಡುಗೆಮನೆಯ ಪರದೆ ಒಗೆದೊಗೆದು ಮೊಣಕಾಲಿನವರೆಗೆ ಕುಗ್ಗಿತ್ತು. ಕೆಳಗಿನಿಂದ ಹೊಸ್ತಿಲು ಕಾಣುತ್ತಿತ್ತು. ಉಡುಗೆ-ತೊಡುಗೆಯಿಂದ ವರ್ಗವನ್ನು ಗುರುತಿಸಬಹುದೆಂದು ಅಣ್ಣನ ಪುಸ್ತಕವೇ ಹೇಳಿತ್ತು.

ಮೊದಲನೆಯವರು ಮಿರುಗುವ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಬಂದರು. ಎರಡನೆಯವರದು ಚರ್ಮದ ಚಪ್ಪಲಿ. ಮೂರನೆಯವರದು ಹವಾಯಿ, ಒಂದರ ಬಾರು ನೀಲಿ, ಇನ್ನೊಂದರದು ಕೆಂಪು, ಜೊತೆಗೆ ಪಿನ್ನು; ಅವರು ಬಾಗಿಲ ಬಳಿಯೇ ಕುಳಿತರು. ಇಷ್ಟು ಸ್ಪಷ್ಟವಾದ ಸಮಾಜವನ್ನು ಅಣ್ಣನ ಮೇಷ್ಟ್ರೂ ಕಂಡಿರಲಾರರು.

"ಕಾಲುಚೀಲದೋರಿಗೆ ಕಪ್ಪು-ಬಸಿ, ಬಾಗಿಲ ಕಡಿ ಕುಂತೋರಿಗೆ ಸೊಟ್ಟ ಲೋಟ," ಎಂದು ಅಣ್ಣನ ಕೈಗೆ ತಟ್ಟೆ ಕೊಟ್ಟೆ. ಅವನಿಗೂ ಅವರ ಗುರುತಿರಲಿಲ್ಲ. ಗುರುತಿದ್ದ ಅಪ್ಪ ಖಾರಾ ತರಲು ಹೋಗಿದ್ದ.

ಹೊರಗೆ ಕಾಲುಚೀಲದವರು ಕಪ್ಪು-ಬಸಿ ಹಿಡಿದು ಎದ್ದುನಿಂತರು.

"ಸಾವ್ಕಾರ್ರ, ನಾ ಜೀಪ್ ಹೊಡಿಯಾವ. ಇದು ನಿಮ್ದು, ತಗೊಳ್ರಿ!"

ಸೊಟ್ಟ ಲೋಟ ಹಿಡಿದವರು ವರನ ತಂದೆ, ಹತ್ತಿ ಮಂಡಿಯ ಬುಡನ್ ಸಾಬರು! ದಾರಿಯ ಮಸೀದಿಯಲ್ಲಿ ನಮಾಜಿಗೆ ನಿಂತಾಗ ಯಾರೋ ಅವರ ಹೊಸ ಬೂಟು ಮೆಟ್ಟಿಕೊಂಡು ಹೋಗಿ, ಅಲ್ಲಿ ಉಳಿದಿದ್ದ ಹವಾಯಿಯೇ ಗತಿಯಾಗಿತ್ತಂತೆ.

ಅವ್ವ ಹಣೆ ಬಡಿದುಕೊಂಡಳು. ಅಕ್ಕನ ಕಣ್ಣು ತುಂಬಿದವು.

"ಚಹಾ ಹಂಚಿದೋರು ಯಾರು?" ಬುಡನ್ ಸಾಬರು ಕೇಳಿದರು.

"ನಾನ್ರೀ... ಚಪ್ಪಲಿ ನೋಡಿ..." ಎಂದೆ, ಪರದೆಗೆ.

ಅವರು ಚಹಾ ಕುಡಿದು ಮುಗಿಸಿದರು. "ನಮ್ಮ ಡ್ರೈವರ್ ಮಕ್ತುಂಗ ಬಸಿ ಕೊಟ್ಟ ಮನಿ ಇದೇ ಮೊದಲು. ಹುಡುಗಿ ಒಪ್ಪಿಗಿ. ನಮಗೇನೂ ಕೊಡಬ್ಯಾಡ್ರಿ, ಈ ಲೋಟ ಒಂದು ಹುಡುಗಿ ಜತಿ ಕಳಸ್ರಿ."

ಲೋಟ ಯಾಕೆಂದು ಮದುವೆಯ ನಂತರ ಅಕ್ಕನ ಮನೆಗೆ ಹೋದಾಗ ತಿಳಿಯಿತು. ಬಸ್ಸಿಳಿಯುವಾಗ ನನ್ನ ಚಪ್ಪಲಿಯ ಬಾರು ಕಿತ್ತುಹೋಗಿ, ಅದಕ್ಕೆ ಪಿನ್ನು ಚುಚ್ಚಿಕೊಂಡಿದ್ದೆ. ಬುಡನ್ ಸಾಬರು ನನ್ನ ಮುಖ ನೋಡಲಿಲ್ಲ. ಹೊಸ್ತಿಲಿನಲ್ಲಿ ಬಗ್ಗಿ ಚಪ್ಪಲಿಯನ್ನು ಪರೀಕ್ಷಿಸಿ, ಗಂಭೀರವಾಗಿ ಒಳಕ್ಕೆ ಕೂಗಿದರು:

"ಮುಮ್ತಾಜ್, ಆ ಲೋಟ ತೊಳಿಯವ್ವ. ಅದರ ಮಂದಿ ಬಂದೈತಿ."