ನೂಲು ಹಿಡಿದು ಚಿಮಟಾ ಹುಡುಕಿದ್ದು

ನಲವತ್ತು ವರ್ಷ ಮಗ್ಗದ ಮುಂದೆ ಕುಳಿತವನಿಗೆ ಸೈಕಲ್ಲಿನ ಒಂದು ಬಿಡಿಭಾಗ ಹುಡುಕುವುದು ಯಾವ ದೊಡ್ಡ ಕೆಲಸ? ನಾನು ಖಂಡಿತವಾಗಿ ಹಾಗೆಯೇ ನಂಬಿದ್ದೆ.

ಸೈಕಲ್ ನನ್ನದಲ್ಲ, ಹೆಂಡತಿ ಗಂಗವ್ವನದು. ಸಕ್ಕರೆ ಕಾಯಿಲೆಗೆ ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದ್ದೇ ತಡ, ಮಗ ಬಿಟ್ಟಿದ್ದ ಹಳೆಯ ಮೌಂಟನ್ ಬೈಕನ್ನು ಒರೆಸಿ, ಅರವತ್ತೆರಡನೆಯ ವಯಸ್ಸಿನಲ್ಲಿ ಹೊಡೆಯಲು ಕಲಿತಳು. ಬರುವ ಭಾನುವಾರ ಬನಹಟ್ಟಿಯಿಂದ ರನ್ನ ಬೆಳಗಲಿಗೆ ಸೈಕಲ್ ಮೇಲೆಯೇ ಬರುತ್ತೇನೆಂದು ತಂಗಿಗೆ ಮಾತೂ ಕೊಟ್ಟಳು. ಮದುವೆಯಾದಂದಿನಿಂದ ನನ್ನನ್ನು ಬಿಟ್ಟು ಒಬ್ಬಳೇ ಊರು ದಾಟಿದವಳಲ್ಲ!

ಮಂಗಳವಾರ ಅವಳು ಸಂತೆಗೆ ಹೋದಾಗ, ಇದರಲ್ಲೇನು ಮಹಾ ಎಂದು ನಾನು ಹತ್ತಿದೆ. ಇಳಿಜಾರು ಬಂತು. ಬ್ರೇಕ್ ಹುಡುಕುವಷ್ಟರಲ್ಲಿ ಕಟ್ಟೆ ಬಂತು! ನನಗೇನೂ ಆಗಲಿಲ್ಲ. ಮುಂದಿನ ಗಾಲಿಯನ್ನು ಹಿಡಿಯುವ ಎರಡು ಕಾಲಿನ ಭಾಗ, ಅಂಗಡಿಯವರ ಬಾಯಲ್ಲಿ ಚಿಮಟಾ, ಹಿಂದಕ್ಕೆ ಮಡಚಿಕೊಂಡಿತು.

ಸೈಕಲ್ಲನ್ನು ಮಗ್ಗದ ಕೋಣೆಯಲ್ಲಿ ಬಚ್ಚಿಟ್ಟು, ಸಂಜೆ ಹೆಂಡತಿಗೆ, "ಎಣ್ಣಿ ಹಾಕಾಕ ಅಂಗಡ್ಯಾಗ ಕೊಟ್ಟೇನಿ" ಎಂದೆ.

"ಎಷ್ಟ ಛಲೋ ಮಾಡಿದ್ರಿ!" ಎಂದಳು. ಆ ಹೊಗಳಿಕೆಯನ್ನೂ ನಾಚಿಕೆಯಿಲ್ಲದೆ ಸ್ವೀಕರಿಸಿದೆ.

ನೇಕಾರನ ಅಳತೆಗೆ ನೂಲು ಸಾಕು. ಸೈಕಲ್ಲಿನಲ್ಲಿ ಚಿಮಟಾ ಕೂರುವ ಮುಂದಿನ ಕೊಳವೆಗೆ ನೂಲು ಸುತ್ತಿ, ಗಂಟು ಹಾಕಿ, ಜಮಖಂಡಿಗೆ ಹೋದೆ. ಅಂಗಡಿಯವನು ನೂಲನ್ನು ಎತ್ತಿ ಹಿಡಿದ.

"ಏನ್ರಿ ಕಾಕಾ, ಉಡದಾರ?"

"ಅಳತಿ!"

"ಸೈಕಲ್ ತಗೊಂಡ ಬರ್ರಿ. ಕೂಡಿಸೇ ಕೊಡ್ತೇನಿ."

ತರುವುದು ಹೇಗೆ? ಗಂಗವ್ವನ ಕಣ್ಣಿಗೆ ಬೀಳದೆ ನಮ್ಮ ಮನೆಯಿಂದ ಬೆಕ್ಕು ಕೂಡ ಹೊರಗೆ ಹೋಗುವುದಿಲ್ಲ. "ಮಗ್ಗದ ಮಂದಿ ಅಳತಿ ತಪ್ಪೂದಿಲ್ಲ" ಎಂದು ಜಂಬದಿಂದ ನುಡಿದು, ನೂಲಿಗೆ ಸರಿಯಾದದ್ದನ್ನೇ ಹುಡುಕಿಸಿ ತಂದೆ. ಮನೆಯಲ್ಲಿ ಅದು ಕೊಳವೆಯ ಬಾಯಿಯಲ್ಲೇ ನಿಂತಿತು. ಚಿಮಟಾದ ಕುತ್ತಿಗೆ ಕೊಳವೆಯ ಒಳಗೆ ಹೋಗಬೇಕು. ನಾನು ಅಳೆದದ್ದು ಹೊರಗೆ!

ಮರುದಿನ ಮುಧೋಳ. ಈ ಸಲ ಅಂದಾಜಿನಿಂದ ಸಣ್ಣದು ತಂದೆ. ಅದು ಕೊಳವೆಯೊಳಗೆ ಗಂಟೆಯ ನಾಲಿಗೆಯಂತೆ ಅಲ್ಲಾಡಿತು. ಚಿಂತೆಯಿಲ್ಲ! ಕುತ್ತಿಗೆಗೆ ಒಂದು ಲಡಿ ನೂಲು ಬಿಗಿಯಾಗಿ ಸುತ್ತಿ ಕೂರಿಸಿದೆ. ಆದರೆ ಕುತ್ತಿಗೆ ಗಿಡ್ಡ. ಹ್ಯಾಂಡಲಿಗೆ ಸಿಗಲೇ ಇಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಗಾಲಿ ನೇರವಾಗಿ ಗೋಡೆ ನೋಡುತ್ತಿತ್ತು.

ಗೋಡೆಯ ಪಕ್ಕ ಬಾಗಿಲು. ಬಾಗಿಲಲ್ಲಿ ಗಂಗವ್ವ.

"ಎಣ್ಣಿ ಹಾಕಾಕ ಕೊಟ್ಟಿದ್ರೆಲ್ಲಾ?"

ನಾನು ಎಲ್ಲವನ್ನೂ ಹೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಗಾಲಿಯನ್ನೇ ನೋಡುತ್ತ ನಿಂತಳು.

"ಮುರದಿದ್ದಕ್ಕ ಸಿಟ್ಟಿಲ್ರಿ. ನಾಕ ದಿನದಿಂದ ಹಾದ್ಯಾಗ ಕುಡಿಯಾಕ ನೀರಿನ ಬಾಟ್ಲಿ ತೊಳದ ತೊಳದ ಇಡಾಕತ್ತೇನಿ. ಅದನ್ನ ನೋಡಿನೂ ಸುಮ್ಮನಿದ್ರೆಲ್ಲಾ!"

ನಾನು ಚಿಮಟಾದ ಕುತ್ತಿಗೆಗೆ ಸುತ್ತಿದ್ದ ನೂಲನ್ನು ಬಿಚ್ಚತೊಡಗಿದೆ.

ಶನಿವಾರ ಬೆಳಿಗ್ಗೆ ಅವಳೇ ಸೈಕಲ್ಲನ್ನು ಆಟೊಗೆ ಏರಿಸಿದಳು. ನಾನು ಎರಡು ನಿರುಪಯೋಗಿ ಚಿಮಟಾಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಜಮಖಂಡಿಯ ಅಂಗಡಿಯವನು ಚಹಾ ಬರುವುದರೊಳಗೆ ಸರಿಯಾದದ್ದನ್ನು ಕೂರಿಸಿಬಿಟ್ಟ.

"ಅವ್ವಾರ, ಸೈಕಲ್ ತಂದದ್ದು ಶಾಣ್ಯಾತನ ಆತು ನೋಡ್ರಿ. ಮೊನ್ನಿ ಒಬ್ಬ ಕಾಕಾ ಬಂದಿದ್ದ..." ಎಂದವನ ಕಣ್ಣು ನನ್ನ ಮೇಲೆ ಬಿತ್ತು. ನಾನು ಗಂಭೀರವಾಗಿ ಟ್ಯೂಬುಗಳನ್ನು ಪರಿಶೀಲಿಸತೊಡಗಿದೆ.

ಭಾನುವಾರ ನಸುಕಿನಲ್ಲಿ ಗಂಗವ್ವ ಸೆರಗು ಸಿಕ್ಕಿಸಿ ಹತ್ತಿದಳು.

"ನಾನೂ ಬರ್ಲೇನು?"

"ಬಸ್ಸಿಗೆ ಬರ್ರಿ. ಜ್ವಾಕಿ, ಅದರ ಬ್ರೇಕ್ ಹುಡುಕಬ್ಯಾಡ್ರಿ."

ನಾನು ಬಸ್ಸು ಬದಲಿಸಿ, ಅದಕ್ಕೆ ಕಾದು, ರನ್ನ ಬೆಳಗಲಿ ಮುಟ್ಟುವಷ್ಟರಲ್ಲಿ ಗಂಗವ್ವನ ಸ್ನಾನ, ಉಪ್ಪಿಟ್ಟು ಎರಡೂ ಮುಗಿದಿದ್ದವು. ಓಣಿಯ ಹೆಂಗಸರು ಸೈಕಲ್ಲಿನ ಸುತ್ತ ನೆರೆದಿದ್ದರು. ನಾದಿನಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎಲ್ಲರಿಗೂ ಕೇಳುವಂತೆ, "ಮಾವಾರ, ನಿಮಗ ಸೈಕಲ್ ಹೊಡಿಯಾಕ ಬರೂದಿಲ್ಲಂತ, ಖರೇನ?" ಎಂದಳು.

"ಖರೆ" ಎಂದೆ.

ಆ ವಾರವೆಲ್ಲ ನಾನು ಸಿಕ್ಕಿಬೀಳದೆ ನನ್ನ ಬಾಯಿಂದ ಹೊರಟ ಸತ್ಯ ಅದೊಂದೇ!